ಬ್ರೇಕ್ ಕಲಿಯಾಕ ಹೊಂಟ ಮಗಳಿಗೆ

ಬನಹಟ್ಟಿ

ಮಗಳ, ಅಪ್ಪನ ಆಶೀರ್ವಾದ.

ನೀ ಬೈಕ್ ಟ್ರೇನಿಂಗಿಗೆ ಅಂತ ಬೆಂಗಳೂರು ಬಸ್ ಹತ್ತೂ ಮುಂದ ಮನ್ಯಾಗ ಏನೇನು ಮಾತು ಆತು, ಅದನ್ನ ಮತ್ತ ಬರಿಯೂದಿಲ್ಲ. ಬಸ್‌ಸ್ಟ್ಯಾಂಡಿಗೆ ಬರಲಿಲ್ಲ ಅಂತ ಮನಸಿನ್ಯಾಗ ಇಟಗೋಬ್ಯಾಡ. ಆದ್ರ "ಅಪ್ಪಾ, ನೀ ಜಲ್ಮದಾಗ ಮುಂದಿನ ಬ್ರೇಕ್ ಹಿಡದಿಲ್ಲ" ಅಂದಿ ನೋಡು, ಅದಕ್ಕ ಈ ಪತ್ರ.

ಆ ರಾತ್ರಿ ನಿನಗ ನೆನಪಿರಾಕಿಲ್ಲ. ಕಬ್ಬಿನ ಸೀಜನ್. ಮುಧೋಳದಾಗ ಮದವಿ ಊಟ ಮುಗಿಸಿ ಮಹಾಲಿಂಗಪುರ ದಾಟಿ ಬರತಿದ್ವಿ. ನಮ್ಮಿಬ್ಬರ ನಡುವ ನೀ ನಿದ್ದಿ ಹೋಗಿದ್ದಿ. ಡಬಲ್ ಟ್ರೇಲರಿನ ಟ್ರ್ಯಾಕ್ಟರ್ ಪಂಚರ್ ಆಗಿ ರೋಡಿನ ಮ್ಯಾಲ ನಿಂತಿತ್ತು. ಹಿಂದ ಲೈಟ್ ಇಲ್ಲ, ರೇಡಿಯಂ ಇಲ್ಲ, ಕಬ್ಬಿನ ತುದಿ ಮಾತ್ರ ಹೊರಗ ಚಾಚಿದ್ದವು. ನನ್ನ ಕಣ್ಣು ಅದರ ಮ್ಯಾಲ ನಟ್ಟುಬಿಟ್ಟಿತು. ಕಣ್ಣು ನಟ್ಟಲ್ಲಿಗೇ ಗಾಡಿ ಹೊಂಟಿತು. ನಿಮ್ಮವ್ವ "ಬಲಕ್ಕ, ಬಲಕ್ಕ" ಅಂತ ಚೀರಿದ್ಲು. ಬಲಕ್ಕ ನೋಡಿದೆ, ಗಾಡಿನೂ ಬಲಕ್ಕ ಸರೀತು. ನೀ ಏಳಲೂ ಇಲ್ಲ. ಈಗೂ ಮಗ್ಗದ ಮುಂದ ಕುಂತಾಗ ಆ ಕಬ್ಬಿನ ತುದಿ ಕಣ್ಣಿಗೆ ಬರತಾವ.

ಅವತ್ತ ಒತ್ತಿದ್ದು ಹಿಂದಿನ ಬ್ರೇಕು. ನೆಲದ ತುಂಬ ರವದಿ, ಕಬ್ಬಿನ ಒಣ ಎಲಿ, ಬಿದ್ದಿತ್ತು. ಗಾಬರ್‍ಯಾಗ ಮುಂದಿನ ಬ್ರೇಕ್ ಜಗ್ಗಿದ್ರ ಗಾಲಿ ಜಾರಿ ಮೂರೂ ಮಂದಿ ಟ್ರೇಲರ್ ಕೆಳಗ. ನೀ ಹೇಳೂದು ಸುಳ್ಳಲ್ಲ. ಬ್ರೇಕ್ ಹಿಡದಾಗ ಭಾರ ಮುಂದಿನ ಗಾಲಿಗೆ ಬೀಳತೈತಿ, ಹಿಂದಿಂದು ಹಗುರಾಗತೈತಿ. ಒಣ ಡಾಂಬರ್ ಮ್ಯಾಲ ಮೆಲ್ಲಕ ಹಿಂಡಿ ಬಿಗಿ ಮಾಡಿದ್ರ ಜಲ್ದಿ ನಿಲ್ಲಸೂದು ಮುಂದಿನ ಬ್ರೇಕನ. ನಿನ್ನ ಗಾಡಿಗೆ ಎಬಿಎಸ್ಸೂ ಐತಿ, 2019ರ ಏಪ್ರಿಲ್‌ದಿಂದ 125 ಸಿಸಿ ಮ್ಯಾಲಿನ ಹೊಸ ಗಾಡಿಗೆಲ್ಲ ಕಡ್ಡಾಯ ಮಾಡ್ಯಾರ. ಆದ್ರ ಎಬಿಎಸ್ ಗಾಲಿ ಲಾಕ್ ಆಗದಂಗ ನೋಡತೈತಿ ಅಷ್ಟ. ರವದಿ ಮ್ಯಾಲ ಹಿಡಿತ ಎಲ್ಲಿಂದ ತರತೈತಿ? 60ರ ಸ್ಪೀಡಿನ್ಯಾಗ ಕೈ ಬ್ರೇಕಿಗೆ ಹೋಗಾಕ ಒಂದು ಸೆಕೆಂಡ್ ಹಿಡದ್ರ ಸುಮಾರು 17 ಮೀಟರ್ ಹೋತು, ಆಮ್ಯಾಲ ಬ್ರೇಕಿನ ಮಾತು. ಸ್ಪೀಡ್ ಎರಡು ಪಟ್ಟಾದ್ರ ಬ್ರೇಕ್ ಹಿಡದು ನಿಲ್ಲೂ ದೂರ ನಾಲ್ಕು ಪಟ್ಟು. ಹೆಡ್‌ಲೈಟ್ ತೋರಸೂವಷ್ಟು ದೂರದಾಗ ನಿಲ್ಲಾಕ ಬರಬೇಕು, ಅಷ್ಟ ಸ್ಪೀಡ್ ಇಡಬೇಕು. ಲೆಕ್ಚರ್ ಆತೇನು? ಆಗಲಿ.

ನೀ ಟ್ರೇನಿಂಗಿಗೆ ಹೊಂಟ ಕೊಯಮತ್ತೂರಿನ ‘ಕರಿ ಮೋಟಾರ್ ಸ್ಪೀಡ್‌ವೇ’ ರೇಸ್ ಟ್ರ್ಯಾಕಿನ್ಯಾಗ ಎದುರಿಗೆ ಗಾಡಿ ಬರೂದಿಲ್ಲ. ಜ್ವಾಳದ ರಾಶಿ ಹಾಸಿರೂದಿಲ್ಲ, ಮಳಿ ಆದಮ್ಯಾಲ ಟ್ರ್ಯಾಕ್ಟರ್ ಗಾಲಿಯಿಂದ ಉದುರಿದ ಎರಿ ಮಣ್ಣು ಇರೂದಿಲ್ಲ. ಅಲ್ಲಿ ಕಲ್ತದ್ದನ್ನ ಇಲ್ಲಿ ಹ್ಯಾಂಗ ನಡಸೂದು ಅಂತ ಕಲಸಾವರನ್ನ ಕೇಳಕೊಂಡು ಬಾ. ಲೈಟ್ ಇಲ್ಲದ ಡಬಲ್ ಟ್ರೇಲರ್ ಅಂದ್ರ ಅವರಿಗೆ ತಿಳೀದಿದ್ರ ಬಿಡಿಸಿ ಹೇಳು.

ಓಣಿಯಾಗ ಯಾರರ ಕೇಳಿದ್ರ, ಮಗಳು ರೇಸಿಗೆ ಹೋಗ್ಯಾಳ ಅಂತ ನಾನ ಹೇಳಕೋಂತ ತಿರಗಾಕತ್ತೀನಿ. ಟ್ರೇನಿಂಗ್ ಅಂದ್ರ, ಗಾಡಿ ಹೊಡಿಯಾಕ ಬರೂವಾಕಿಗೆ ಮತ್ತ ಟ್ರೇನಿಂಗ್ ಯಾಕ ಅಂತಾರ, ರೇಸ್ ಅಂದ್ರ ಸುಮ್ಮನಾಗತಾರ. ನಿಮ್ಮವ್ವಗ ಈ ಸುಳ್ಳು ಸೇರೂದಿಲ್ಲ.

ಬೆಂಗಳೂರಿನಿಂದ ಹಗಲ ಹೊತ್ತಿನಾಗ ಹೊಂಡು. ಗ್ಲೌಸಿಗೆ ರೊಕ್ಕ ಹಾಕೀನಿ, ಪೆಟ್ರೋಲಿಗೆ ಖರ್ಚ ಮಾಡಬ್ಯಾಡ. ಹೆಲ್ಮೆಟ್ಟಿನ ಪಟ್ಟಿ ಹಳೇದಾಗೈತಿ ಅಂದಿದ್ದಿ, ಅದನ್ನೂ ಬದಲಿ ಮಾಡಸು.

ನಿಮ್ಮಪ್ಪ