ಶನಿವಾರದ ಫೋರ್ಟ್ ಗ್ರೀನ್ ಪಾರ್ಕ್ ಟ್ರಿಪ್ ಬಗ್ಗೆ

ಪೋಷಕರಿಗೆಲ್ಲ ನಮಸ್ಕಾರ,

ಈ ಶನಿವಾರ ಕ್ಲಾಸ್ ಇಲ್ಲ, ದೊಡ್ಡ ಮಕ್ಕಳನ್ನ ಬ್ರೂಕ್ಲಿನ್‌ನ ಫೋರ್ಟ್ ಗ್ರೀನ್ ಪಾರ್ಕಿಗೆ, ಹಿಂದೆ ಬ್ರಿಟಿಷರ ಜೈಲು ಹಡಗುಗಳಲ್ಲಿ ಸತ್ತವರ ಸ್ಮಾರಕ ತೋರ್ಸೋಕೆ ಕರ್ಕೊಂಡು ಹೋಗ್ತಿದೀವಿ. "ಕನ್ನಡ ಶಾಲೆಗೆ ಜೈಲು ಹಡಗಿನ ಕಥೆ ಯಾಕ್ರೀ" ಅಂತ ಇಬ್ರು ಮೂವರು ಫೋನ್ ಮಾಡಿದ್ರಿ, ಅದಕ್ಕೇ ಈ ಪತ್ರ.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ನ್ಯೂಯಾರ್ಕ್ ಬ್ರಿಟಿಷರ ಕೈಲಿತ್ತು. ಸೆರೆ ಸಿಕ್ಕವರನ್ನ ಬ್ರೂಕ್ಲಿನ್ ದಡದ ವಾಲಬೌಟ್ ಕೊಲ್ಲಿಯಲ್ಲಿ ನಿಲ್ಸಿದ್ದ ಹಳೇ ಹಡಗುಗಳಿಗೆ ತುಂಬ್ತಿದ್ರು, ಅದ್ರಲ್ಲಿ ಅತಿ ಕೆಟ್ಟದ್ದು 'ಜರ್ಸಿ' (ನಮ್ಮ ನ್ಯೂಜರ್ಸಿಗೆ ಗಂಟು ಹಾಕ್ಬೇಡಿ, ಹಡಗಿನ ಹೆಸರಷ್ಟೇ). 1736ರ ಯುದ್ಧನೌಕೆ, ತೋಪು ಕಿತ್ತು, ಕಿಂಡಿ ಮುಚ್ಚಿ, ಗಾಳಿಗೆ ಅಂತ ಸರಳು ಹಾಕಿದ ಸಣ್ಣ ತೂತು ಕೊರೆದಿದ್ರು, ಒಳಗೆ ಒಂದೊಂದ್ಸಲ ಸಾವಿರಕ್ಕೂ ಹೆಚ್ಚು ಜನ. ಆರಾರು ಜನ ಸೇರಿ ಊಟ ತಗೋಬೇಕು, ಬ್ರಿಟಿಷ್ ನಾವಿಕನ ಪಾಲಿನ ಮೂರರಲ್ಲಿ ಎರಡು ಭಾಗ, ಅದೂ ಹುಳ ಹಿಡಿದ ಬಿಸ್ಕತ್ತು, ತರಕಾರಿ ಮಾತೇ ಇಲ್ಲ. ಬೆಳಗಾದ್ರೆ ಕಾವಲಿನವರು "ಹೆಣ ಮೇಲಕ್ಕೆ ತನ್ನಿ" ಅಂತ ಕೂಗೋರು. ಬ್ರಿಟಿಷ್ ನೌಕಾಪಡೆಗೆ ಸೇರ್ತೀನಿ ಅಂದ್ರೆ ಬಿಡುಗಡೆ ಆಗ್ತಿತ್ತು, ಹೆಚ್ಚಿನವರು ಸೇರಲಿಲ್ಲ. ಆ ಹಡಗುಗಳಲ್ಲಿ ಸತ್ತವರು ಸುಮಾರು 11,500 ಅಂತ ಅಂದಾಜು, ರಣರಂಗದಲ್ಲಿ ಸತ್ತವರಿಗಿಂತ ಜಾಸ್ತಿ.

ಈಗ ಕನ್ನಡದ ವಿಷಯ. 1782ರಲ್ಲಿ 'ಜರ್ಸಿ'ಯಲ್ಲಿ ಸೆರೆಯಾಳಾಗಿದ್ದ ಥಾಮಸ್ ಡ್ರಿಂಗ್ ಅನ್ನೋನು ಸಿಡುಬಿಗೆ ಹೆದರಿ, ಸಣ್ಣದಾಗಿ ಬಂದು ಹೋಗ್ಲಿ ಅಂತ ರೋಗಿಯ ಗುಳ್ಳೆಯಿಂದ ಕೀವು ತಗೊಂಡು, ಗುಂಡುಸೂಜಿಯಿಂದ ಹೆಬ್ಬೆರಳಿನ ಹತ್ರ ಚರ್ಮ ಗೀರಿ ತಾನೇ ಹಚ್ಕೊಂಡ, ಬದುಕ್ದ. ಇದನ್ನ ಕನ್ನಡದಲ್ಲಿ ಹೇಳ್ರೋ ಅಂದ್ರೆ ಇಡೀ ಕ್ಲಾಸ್ ಸುಮ್ನೆ, ಕೊನೆಗೆ ಒಬ್ಳು "ನಮ್ಮಜ್ಜಿ ಮೈಲಿ ಹಾಕಿಸ್ಕೊಂಡಿದ್ದೆ ಅಂತ ತೋಳಲ್ಲಿ ಕಲೆ ತೋರಿಸ್ತಾರೆ" ಅಂದ್ಳು. ಮೈಲಿ ಹಾಕೋದು ಅಂದ್ರೆ ಸಿಡುಬಿಗೆ ಲಸಿಕೆ ಹಾಕೋದು, ನನಗೇ ಮರ್ತೋಗಿದ್ದ ಪದ ಅದು! ಹಾಗಾಗಿ ಹೋಂವರ್ಕ್ ಇಷ್ಟೇ, ಶುಕ್ರವಾರದೊಳಗೆ ಊರಿಗೆ ವೀಡಿಯೋ ಕಾಲ್ ಮಾಡಿಸಿ ಅಜ್ಜಿ ತಾತನ ಹತ್ರ ಮೈಲಿ ಹಾಕೋರು ಮನೆಗೆ ಬರ್ತಿದ್ದ ಕಥೆ ಕೇಳಿಸಿ, ಐದು ಸಾಲು ಬರೆಸಿ, ನೀವು ಬರ್ಕೊಡ್ಬೇಡಿ ದಯವಿಟ್ಟು, ಕೈಬರಹ ನನಗೆ ಗೊತ್ತಾಗತ್ತೆ.

ದಡದಲ್ಲಿ ಹೂತ ಆ ಸೆರೆಯಾಳುಗಳ ಮೂಳೆಗಳು ವರ್ಷಗಟ್ಟಲೆ ಮೇಲಕ್ಕೆ ಬರ್ತಿದ್ವು, ಈಗ ಅವು ಪಾರ್ಕಿನ 149 ಅಡಿ ಕಂಬದ ಕೆಳಗಿವೆ. ಕಂಬ 1908ರದ್ದು. ಅಲ್ಲಿ ಕ್ರಿಕೆಟ್ ಬೇಡ, ಬ್ಯಾಟ್ ಬಾಲ್ ಕಳಿಸ್ಬೇಡಿ. ಮೆಟ್ಟಿಲು ಜಾಸ್ತಿ, ಶೂ ಹಾಕ್ಸಿ. ಮೊಸರನ್ನ ಕಟ್ಟಿದ್ರೆ ಸ್ಪೂನೂ ಇಡಿ, ಹೋದ್ಸಲದ ಟ್ರಿಪ್ಪಲ್ಲಿ ಹನ್ನೊಂದು ಮಕ್ಕಳಿಗೆ ಎರಡೇ ಸ್ಪೂನ್ ಇತ್ತು.

ಇಂತಿ,
ಮುಖ್ಯ ಶಿಕ್ಷಕಿ