‘ಇದು ಆಯ್ತು’ ಎಂದು ಬರೆದವರಿಗೆ

ಮೊನ್ನೆ ಅಪ್ಪನ ರಕ್ತ ಪರೀಕ್ಷೆ ಮಾಡಿಸಿದೆವು. ಶುಗರ್ ಹಿಡಿತಕ್ಕೆ ಬಂದಿದೆ. ಹಾಗಾಗಿ ಈಗ ನಿಧಾನವಾಗಿ ಕೂತು, ಮಳೆಯಲ್ಲಿ ಸಿಕ್ಕಿಕೊಂಡಿದ್ದ ನಮಗೆ ವಾಟ್ಸಾಪ್ ಮೂಲಕ ನೆರವಾದವರಿಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಹೊರನಾಡಿನ ಕಡೆ, ಭದ್ರೆ ದಾಟಿ ಸ್ವಲ್ಪ ಒಳಗಿರುವ ಮನೆ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಚಾರ್ಮಾಡಿಯಲ್ಲಿ ಗುಡ್ಡ ಜರಿದು ಮಂಗಳೂರಿನ ದಾರಿ ಮುಚ್ಚಿತು. ಕಳಸದಿಂದ ಹೊರನಾಡಿಗೆ ಬರುವ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು. ನಮ್ಮ ಹಳ್ಳದ ಕಾಲುಸಂಕವೂ ಹೋಯಿತು. ಕರೆಂಟ್ ಇಲ್ಲ. ಅಪ್ಪನ ಇನ್ಸುಲಿನ್ ನಾಲ್ಕು ದಿನಕ್ಕಾಗುವಷ್ಟು ಮಾತ್ರ ಇತ್ತು. ಮನೆ ಹಿಂದಿನ ದಿಣ್ಣೆ ಹತ್ತಿ ಕಾಫಿ ತೋಟದ ಬಂಡೆ ಮೇಲೆ ನಿಂತರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತಿತ್ತು, ಅಷ್ಟೇ.

ಅಲ್ಲಿ ನಿಂತು ನಾನು ವಾಟ್ಸಾಪ್‌ನಲ್ಲಿ ಮೊದಲು ಬರೆದದ್ದು, ‘ತುಂಬಾ ಕಷ್ಟದಲ್ಲಿದ್ದೇವೆ, ಯಾರಾದರೂ ಸಹಾಯ ಮಾಡಿ’ ಎಂದು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ತಕ್ಷಣ ಉತ್ತರ ಕೊಟ್ಟಳು. ‘ಅಕ್ಕ, ಹೀಗೆ ಬರೆಯಿರಿ.’ ಯಾವ ಊರು, ಏನು ಬೇಕು, ಎಷ್ಟು ಬೇಕು, ಇನ್ನೆಷ್ಟು ದಿನಕ್ಕೆ ಇದೆ, ಯಾವ ದಾರಿ ತೆರೆದಿದೆ. ಕೊನೆಗೆ ತಾರೀಕು, ಗಂಟೆ. ಅದರ ಹಿಂದಿನ ವರ್ಷ, 2018ರಲ್ಲಿ, ಕೊಡಗಿನಲ್ಲಿ ಗುಡ್ಡ ಕುಸಿದಾಗ ಅಲ್ಲಿ ಓಡಾಡಿದವರು ಮಾಡಿಕೊಂಡ ಕ್ರಮವಂತೆ ಇದು. ಅವರು ಯಾರೋ, ಎಲ್ಲಿಯವರೋ. ನಿಮಗೆ ನನ್ನ ಮೊದಲ ನಮಸ್ಕಾರ.

ಫ್ರಿಜ್ ನಿಂತಿದೆ, ಉಳಿದ ಇನ್ಸುಲಿನ್ ಕೆಟ್ಟಿರಬೇಕು ಎಂದು ಬಿಸಾಡಲು ಹೊರಟಿದ್ದೆ. ನರ್ಸ್ ಒಬ್ಬರು ಮಾತಾಡಿ ಕಳಿಸಿದ್ದ ಒಂದೂವರೆ ನಿಮಿಷದ ಆಡಿಯೋ ನನ್ನನ್ನು ತಡೆಯಿತು. ಬಳಸಲು ಶುರು ಮಾಡಿದ ಇನ್ಸುಲಿನ್ ಬಾಟಲಿ ಹೆಚ್ಚಿನವು ಫ್ರಿಜ್ ಇಲ್ಲದೆಯೂ ಸುಮಾರು 4 ವಾರ ತಡೆಯುತ್ತವೆ, ಬಿಸಿ 30 ಡಿಗ್ರಿ ದಾಟಬಾರದು, ಒಲೆಯ ಹತ್ತಿರ ಇಡಬೇಡಿ, ಬಾಟಲಿಯ ಜೊತೆ ಬಂದ ಚೀಟಿ ಓದಿ ಎಂದಿದ್ದರು. ನಮ್ಮ ಆಗಸ್ಟ್ ಚಳಿಗೆ ಇದಕ್ಕಿಂತ ಸಮಾಧಾನದ ಮಾತು ಬೇಕಾ? ಅದೂ ಕೊಡಗಿನವರಿಗೆಂದು ಹೇಳಿದ್ದು. ಒಂದು ವರ್ಷ ಯಾರದೋ ಫೋನಿನಲ್ಲಿ ಉಳಿದು ನಮ್ಮ ಅಡುಗೆಮನೆಗೆ ಬಂತು.

ಮೂರನೇ ದಿನ ಔಷಧ ಮೂಡಿಗೆರೆಯಿಂದ ಹೊರಟಿತು. ಆದರೆ ತರುವವರು ಕಳಸದಲ್ಲಿ ಅರ್ಧ ದಿನ ನಿಂತರು. ಸೇತುವೆ ಮುಳುಗಿದಾಗ ಬಳಸುವ ಹಳುವಳ್ಳಿ ಮೇಲಿನ ದಾರಿಯೂ ಹೋಗಿದೆ ಎಂದು ಒಂದು ಫೋಟೊ ಓಡಾಡುತ್ತಿತ್ತು. ನೋಡಿದರೆ ಅದು ಹಳೆಯದು. ನಮ್ಮ ಕಡೆ ಇದೇ ತೊಂದರೆ. ಹೆಬ್ಬಾಳೆ ಸೇತುವೆ ಜೋರು ಮಳೆ ಬಂದಾಗಲೆಲ್ಲ ಮುಳುಗುತ್ತದೆ, ಮಣ್ಣು ವರ್ಷ ವರ್ಷ ಜರಿಯುತ್ತದೆ. ತಾರೀಕು ಇಲ್ಲದ ಫೋಟೊ ಯಾವ ವರ್ಷದ್ದು ಎಂದು ಊರಿನವರಿಗೇ ಗೊತ್ತಾಗುವುದಿಲ್ಲ. ಆಗ ಹಳುವಳ್ಳಿಯ ಆಟೋದವರೊಬ್ಬರು ಮಳೆಯಲ್ಲೇ ಹೋಗಿ, ದಾರಿಯನ್ನು ಕಣ್ಣಾರೆ ನೋಡಿ, ‘ಈಗ 3 ಗಂಟೆ, ಬೈಕ್ ಹೋಗುತ್ತದೆ, ಕಾರು ಬೇಡ’ ಎಂದು ಹಾಕಿದರು. ಕತ್ತಲಾಗುವ ಹೊತ್ತಿಗೆ ಇಬ್ಬರು ಹುಡುಗರು ನಮ್ಮ ಅಂಗಳದಲ್ಲಿದ್ದರು, ಮೊಣಕಾಲವರೆಗೆ ಕೆಸರು. ಒಂದು ಲೋಟ ಬಿಸಿ ಕಾಫಿ ಬಿಟ್ಟು ಏನನ್ನೂ ತೆಗೆದುಕೊಳ್ಳಲಿಲ್ಲ.

ನೀರು ಇಳಿದ ಮೇಲೆ ನಮ್ಮ ಆಶಾ ಕಾರ್ಯಕರ್ತೆ ಬಾವಿ ನೀರು ಶುದ್ಧ ಮಾಡುವ ಲೆಕ್ಕ ಬರೆದು ಕಳಿಸಿದರು. ದುಂಡು ಬಾವಿಯ ಅಗಲವನ್ನು ಅಗಲದಿಂದಲೇ, ಆಮೇಲೆ ನೀರಿನ ಆಳದಿಂದ ಗುಣಿಸಿ, ಎಲ್ಲ ಮೀಟರಿನಲ್ಲಿ. ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪುಡಿ, ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು. ಒಂದು ಗಂಟೆ ಕಾಯಬೇಕು. ನೀರು ಕದಡಿದ್ದರೆ ಇಷ್ಟು ಸಾಲದು, ನನ್ನನ್ನು ಕೇಳಿ ಎಂದೂ ಬರೆದಿದ್ದರು. ನಮ್ಮ ಬಾವಿಗೆ 40 ಗ್ರಾಂ ಬೇಕಾಯಿತು. ಆ ಹಾಳೆಯನ್ನು ಗೋಡೆಗೆ ಅಂಟಿಸಿದ್ದೇನೆ.

ಎಲ್ಲರಿಗಿಂತ ಜಾಸ್ತಿ ನೆನಪಾಗುವುದು ಒಬ್ಬ ಮೇಷ್ಟ್ರು. ಔಷಧ ಬಂದ ಮೇಲೂ ನನ್ನ ಮೆಸೇಜ್ ನಿಲ್ಲಲಿಲ್ಲ. ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದು ಮಿತಿ ಇದ್ದರೂ, ಐದೈದಾಗಿ ಅದು ಹಾಸನ, ಬೆಂಗಳೂರು ಮುಟ್ಟಿತ್ತು. ಹಾಸನದಿಂದ ಇಬ್ಬರು ಇನ್ಸುಲಿನ್ ಕೊಂಡು ಹೊರಟೇ ಬಿಟ್ಟಿದ್ದರು. ಮೇಷ್ಟ್ರು ಅವರಿಗೆ ಫೋನ್ ಮಾಡಿ, ಅದೇ ಔಷಧ ಬೇಕಿದ್ದ ಇನ್ನೊಂದು ಮನೆಗೆ ತಿರುಗಿಸಿದರು. ಆಮೇಲೆ ಮೂರು ರಾತ್ರಿ ಕೂತು, ನನ್ನ ಮೆಸೇಜ್ ಹೋದ ಗುಂಪುಗಳನ್ನು ಒಂದೊಂದಾಗಿ ಹುಡುಕಿ, ಕೆಳಗೆ ಬರೆದರು: ‘ಇದು ಆಯ್ತು. ಇನ್ನು ಕಳಿಸಬೇಡಿ.’ ಇಂಥ ಕೆಲಸವನ್ನು ಯಾರೂ ನೋಡುವುದಿಲ್ಲ, ಅಲ್ವಾ? ಸರ್, ನಾನು ನೋಡಿದ್ದೇನೆ.

ನಮ್ಮ ಮನೆಗೆ ಬರುವ ಒಳದಾರಿ, ಹಳ್ಳ ಎಷ್ಟು ಏರಿದರೆ ದಾಟಬಾರದು ಅನ್ನುವುದನ್ನೆಲ್ಲ ಈಗ ನಾನೂ ಬರೆದು ಆ ಹುಡುಗಿಗೆ ಕೊಟ್ಟಿದ್ದೇನೆ, ಮುಂದಿನ ಮಳೆಗಾಲಕ್ಕೆ.

ನನ್ನ ಹಳೇ ಮೆಸೇಜ್ ಇನ್ನೂ ಯಾರ ಫೋನಿನಲ್ಲಾದರೂ ಇದ್ದರೆ ದಯವಿಟ್ಟು ಅಳಿಸಿ. ಔಷಧ ಬಂತು. ಅಪ್ಪ ಚೆನ್ನಾಗಿದ್ದಾರೆ.