ರೋಮ್‌ನ ಖೂನಿ ಖಟ್ಲೆಯೂ ನಮ್ಮ ಕಥೆಗಾರರೂ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ರೋಮ್ ಕಾಲದ ಪತ್ತೇದಾರಿ ಕಾದಂಬರಿಗಳ ಬಗ್ಗೆ ಬಂದ ಬರಹ ಓದಿದೆ. ‘ಟೈಂಪಾಸ್‌ಗೆ ಸರಿ, ಕನ್ನಡದವರಿಗೆ ಇದರಿಂದ ಏನಾಗಬೇಕು?’ ಎಂದು ಲೇಖಕರು ಕೇಳಿದ್ದಾರೆ. ಬಹಳ ಆಗಬೇಕಿದೆ. ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ನಿವೃತ್ತಿಯಾದವಳು. ಮಗಳು ತಂದುಕೊಟ್ಟ ಅಂಥದೊಂದು ಕಾದಂಬರಿ ಓದಿ, ಅದರ ಹಿಂದಿನ ನಿಜವಾದ ಖಟ್ಲೆಯನ್ನೂ ಹುಡುಕಿ ಓದಿದೆ.

ಅದು ಕ್ರಿ.ಪೂ. 80ರ ಖಟ್ಲೆ. ಅಮೇರಿಯಾ ಎಂಬ ಊರಿನ ದೊಡ್ಡ ಜಮೀನುದಾರ ಸೆಕ್ಸ್ಟಸ್ ರೋಸ್ಕಿಯಸ್. ಟೈಬರ್ ನದಿಯ ದಂಡೆಗುಂಟ ಅವನ 13 ಹೊಲಗಳು. ಒಂದು ರಾತ್ರಿ ರೋಮ್ ನಗರದಲ್ಲಿ ಊಟ ಮುಗಿಸಿ ಬರುವಾಗ ಅವನ ಖೂನಿಯಾಯಿತು. ಆಗ ರೋಮ್‌ನಲ್ಲಿ ಸರ್ವಾಧಿಕಾರಿ ಸುಲ್ಲಾನ ಆಳ್ವಿಕೆ. ವೈರಿಗಳ ಹೆಸರಿನ ಪಟ್ಟಿ ಹಚ್ಚುತ್ತಿದ್ದರು. ಪಟ್ಟಿಯಲ್ಲಿ ಇದ್ದವರನ್ನು ಯಾರು ಕೊಂದರೂ ಗುನ್ಹೆ ಅಲ್ಲ, ಅವರ ಆಸ್ತಿ ಲಿಲಾವಿಗೆ. ಪಟ್ಟಿಯ ಗಡುವು ಮುಗಿದು ತಿಂಗಳುಗಳಾದ ಮೇಲೆ, ಸತ್ತುಹೋದ ಈ ಮನುಷ್ಯನ ಹೆಸರನ್ನು ಅದಕ್ಕೆ ಸೇರಿಸಿದರು! 60 ಲಕ್ಷ ಸೆಸ್ಟರ್ಸ್ (ರೋಮ್‌ನ ನಾಣ್ಯ) ಬಾಳುವ ಆಸ್ತಿಯನ್ನು ಸುಲ್ಲಾನ ಆಪ್ತ ಕ್ರಿಸೊಗೊನಸ್ ಬರೀ 2,000ಕ್ಕೆ ಹಿಡಿದ. ಮೂರು ಹೊಲ ರೋಸ್ಕಿಯಸ್ ಮನೆತನದ ಕ್ಯಾಪಿಟೊನಿಗೆ ಹೋದವು. ಮಗ ಒಬ್ಬ ಉಳಿದಿದ್ದನಲ್ಲ, ಅಪ್ಪನನ್ನು ಕೊಂದವನು ಅವನೇ ಎಂದು ಕೇಸು ಹಾಕಿಸಿದರು. ಅಪ್ಪನನ್ನು ಕೊಂದವನನ್ನು ಚೀಲದಲ್ಲಿ ಹಾಕಿ ಹೊಲಿದು ನೀರಿಗೆ ಎಸೆಯುವುದು ಅಲ್ಲಿಯ ಶಿಕ್ಷೆ.

ಇದನ್ನು ಓದುವಾಗ ಇಂಡಿ, ಸಿಂದಗಿ ಕಡೆಯ ಎಷ್ಟೋ ವಾಟ್ನಿ (ಆಸ್ತಿ ಪಾಲು) ಕಡತಗಳು ನೆನಪಾದವು. ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಬದಲಾದ ತಾರೀಖು ಮೊದಲು ನೋಡಿ ಎಂದು ಹಳೆಯ ವಕೀಲರೊಬ್ಬರು ಜೂನಿಯರ್‌ಗಳಿಗೆ ಹೇಳುತ್ತಿದ್ದರು. ಮಗನ ಪರ ವಾದಿಸಿದ ವಕೀಲ ಸಿಸೆರೊ ಮಾಡಿದ್ದೂ ಅದನ್ನೇ. ಆಗ ಅವನಿಗೆ 26 ವರ್ಷ. ದೊಡ್ಡ ವಕೀಲರೆಲ್ಲ ಹೆದರಿ ಸುಮ್ಮನೆ ಕುಳಿತಾಗ ಈ ಹುಡುಗ ಎದ್ದು ನಿಂತು, ಈ ಸಾವಿನಿಂದ ಲಾಭ ಯಾರಿಗಾಯಿತು ಎಂದು ಕೇಳಿದ. ರೋಮ್‌ನಿಂದ ಅಮೇರಿಯಾಕ್ಕೆ ಐವತ್ತು ಮೈಲಿ ಮೀರಿದ ದಾರಿಯನ್ನು ರಾತ್ರೋರಾತ್ರಿ ಗಾಡಿ ಓಡಿಸಿ ಬಂದವನು ಸಾವಿನ ಸುದ್ದಿಯನ್ನು ಮೊದಲು ಮುಟ್ಟಿಸಿದ್ದು ಕ್ಯಾಪಿಟೊನಿಗೆ. ಮಗನ ಮನೆಗೆ ಯಾಕೆ ಹೋಗಲಿಲ್ಲ? ಎಂಥ ಪ್ರಶ್ನೆ ನೋಡಿ!

ಮಗ ಖುಲಾಸೆಯಾದ. ಆದರೆ ಸಿಸೆರೊ ಅವನ ಪರವಾಗಿ ಕೇಳಿದ್ದು ಜೀವ ಮಾತ್ರ. ಹೊಲ ಹೋದರೆ ಹೋಗಲಿ, ಬದುಕಲು ಬಿಡಿ ಎಂದ. ಅದನ್ನು ಓದಿ ನನಗೆ ಬಹಳ ಸಂಕಟವಾಯಿತು.

ಇನ್ನೊಂದು ಸಂಗತಿ ಇದೆ. ಖೂನಿಯಾದ ರಾತ್ರಿ ಜೊತೆಗಿದ್ದ ಇಬ್ಬರು ಗುಲಾಮರನ್ನು ವಿಚಾರಣೆಗೆ ಒಪ್ಪಿಸಿ ಎಂದು ಮಗ ಕೇಳಿಕೊಂಡಿದ್ದ. ಒಪ್ಪಿಸಲಿಲ್ಲ. ಅಷ್ಟರಲ್ಲಿ ಅವರೂ ಆಸ್ತಿಯ ಜೊತೆಗೇ ಕ್ರಿಸೊಗೊನಸ್‌ನ ಮನೆ ಸೇರಿದ್ದರು. ಇಬ್ಬರೂ ಕಣ್ಣಾರೆ ಕಂಡವರು, ಅವರ ಒಂದು ಮಾತೂ ನಮಗೆ ಉಳಿದಿಲ್ಲ. ಕೋರ್ಟಿನಲ್ಲಿ ಇಂಥ ಮೌನ ನಾನು ಜಾಸ್ತಿ ಕಂಡಿದ್ದೇನೆ. ಕಾದಂಬರಿಕಾರ ಆ ಮನೆಯ ಹಿಂಬಾಗಿಲಿಗೆ ಹೋಗಿ ಅವರನ್ನು ಮಾತಾಡಿಸಬಲ್ಲ. ಇದನ್ನು ಟೈಂಪಾಸ್ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ನಮ್ಮಲ್ಲೂ ಇಂಥ ಖಟ್ಲೆ ಇದೆ. ಬಹಮನಿ ಮಂತ್ರಿ ಮಹಮೂದ್ ಗವಾನ್, 1472ರಲ್ಲಿ ಬೆಳಗಾವಿ ಕೋಟೆ ಗೆದ್ದವನು. ನಮ್ಮ ವಿಜಯಪುರದ ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್ ಇವನ ಆಶ್ರಯದಲ್ಲೇ ಮೇಲೆ ಬಂದವನು. ಇತಿಹಾಸಕಾರ ಫೆರಿಶ್ತಾ ಬರೆದಂತೆ, ಗವಾನನ ವೈರಿಗಳು ಅವನ ಮುದ್ರೆ ಕಾಯುವವನನ್ನು ಬುಟ್ಟಿಗೆ ಹಾಕಿಕೊಂಡು ಖಾಲಿ ಹಾಳೆಗೆ ಗವಾನನ ಮುದ್ರೆ ಒತ್ತಿಸಿದರು. ಆಮೇಲೆ ಅದರಲ್ಲಿ ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಪತ್ರ ಬರೆದರು. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದ. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ಆ ಮುದುಕನ ತಲೆ ಕಡಿಸಿದ. ಮನೆ ಶೋಧಿಸಿದರೆ ಹೇಳಿಕೊಳ್ಳುವಂಥ ಹಣವೂ ಸಿಗಲಿಲ್ಲ. ಕಡತದಲ್ಲಿ ಒಂದು ಸುಳ್ಳು ಕಾಗದ ಸೇರಿದರೆ ಏನಾಗುತ್ತದೆ ಎಂದು ನನ್ನಂಥವರಿಗೆ ಚೆನ್ನಾಗಿ ಗೊತ್ತು. ಆ ಮುದ್ರೆ ಕಾಯುವವನು ಮರುದಿನ ಬೆಳಿಗ್ಗೆ ಯಾರ ಮುಖ ನೋಡಿದ? ಕನ್ನಡದಲ್ಲಿ ಇದನ್ನು ಪತ್ತೇದಾರಿ ಕಾದಂಬರಿಯಾಗಿ ಓದುವ ಆಸೆ ನನಗೆ.

ಹಾಗಾಗಿ ಒಂದು ವಿನಂತಿ. ನಿಮ್ಮ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಐತಿಹಾಸಿಕ ಪತ್ತೇದಾರಿ ಕಥೆಗೆ ಬೇರೆ ಬಹುಮಾನ ಇಡಿ. ವಿಜಯಪುರ, ಬಾಗಲಕೋಟೆ, ಬೀದರ್ ಕಡೆಯ ಕಾಲೇಜು ಮಕ್ಕಳು ಬರೆಯಲಿ. ಕಡತ, ಸಾಕ್ಷಿ, ಪಾಟಿಸವಾಲು ಹೇಗೆ ನಡೆಯುತ್ತವೆ ಎಂದು ತಿಳಿಯಬೇಕಾದವರಿಗೆ ಕೂತು ಹೇಳಿಕೊಡಲು ನಾನು ತಯಾರಿದ್ದೇನೆ.

– ನಿವೃತ್ತ ಬೆಂಚ್ ಕ್ಲರ್ಕ್, ವಿಜಯಪುರ